ಮಕ್ಕಳ ಪುಸ್ತಕವನ್ನು ವಿಮರ್ಶೆಗೆ ಕಳಿಸುವ ಮುನ್ನ, ಕಳಿಸುವಾಗ, ಕಳಿಸಿದ ಮೇಲೆ

ನನ್ನ ಮೊದಲ ಮಕ್ಕಳ ಪುಸ್ತಕ ಅಚ್ಚಾಗಿ ಬಂದ ವಾರದಲ್ಲೇ ಉಡುಪಿಯ ಅಂಚೆ ಕಚೇರಿಯಿಂದ ಒಂದೇ ದಿನ ಇಪ್ಪತ್ತೆರಡು ಕಟ್ಟು ಕಳಿಸಿದ್ದೆ. ಒಳಗೆ ಒಂದೊಂದು ಪುಸ್ತಕ, ಮೊದಲ ಪುಟದಲ್ಲಿ ‘ಆದರದಿಂದ, ವಿಮರ್ಶೆಗಾಗಿ’ ಎಂಬ ಸಾಲು, ಕೆಳಗೆ ಸಹಿ. ಪತ್ರ ಇಟ್ಟಿರಲಿಲ್ಲ. ಪುಸ್ತಕ ತಾನೇ ಮಾತಾಡುತ್ತದೆ ಎಂದು ನಂಬಿದ್ದೆ. ಎಂಟು ತಿಂಗಳಲ್ಲಿ ಸಿಕ್ಕಿದ್ದು ಇಷ್ಟು: ಎರಡು ಪತ್ರಿಕೆಗಳ ‘ಸಾದರ ಸ್ವೀಕಾರ’ ಪಟ್ಟಿಯಲ್ಲಿ ಹೆಸರು, ಮತ್ತೊಂದರಲ್ಲಿ ಆರು ಸಾಲಿನ ಪರಿಚಯ. ಆ ಆರು ಸಾಲೂ ನನ್ನ ಪುಸ್ತಕದ ಬೆನ್ನುಡಿಯಿಂದಲೇ ಎತ್ತಿದ್ದು. ಚಿತ್ರ ಬರೆದವರ ಹೆಸರು ಎಲ್ಲಿಯೂ ಬರಲಿಲ್ಲ.

ಅದೇ ದಿನಗಳಲ್ಲಿ ಬ್ರಹ್ಮಾವರದ ಕಡೆಯ ಒಂದು ಸರಕಾರಿ ಶಾಲೆಗೆ ಹೋಗಿದ್ದೆ. ನನ್ನ ಕತೆ ಕುದ್ರುವಿನಿಂದ, ಅಂದರೆ ಹೊಳೆಯ ನಡುವಿನ ನಡುಗಡ್ಡೆಯಿಂದ, ದೋಣಿಯಲ್ಲಿ ಶಾಲೆಗೆ ಬರುವ ಹುಡುಗಿಯದು. ಮೂರನೇ ತರಗತಿಯ ಒಬ್ಬಳು ಏಳನೇ ಪುಟದಲ್ಲಿ ದೋಣಿ ನಡೆಸುವ ಅಜ್ಜನ ಚಿತ್ರಕ್ಕೆ ಬೆರಳಿಟ್ಟು, “ಟೀಚರ್, ಇವರ ಕೈಯಲ್ಲಿ ಗಳವೇ ಇಲ್ಲ. ದೋಣಿ ಹೇಗೆ ಹೋಗುವುದು?” ಎಂದು ಕೇಳಿದಳು. ನಾನು, ಚಿತ್ರ ಬರೆದವರು, ಕರಡು ತಿದ್ದಿದವರು, ಮುನ್ನುಡಿ ಬರೆದ ಹಿರಿಯರು, ನಾಲ್ವರಲ್ಲಿ ಒಬ್ಬರಿಗೂ ಅದು ಕಂಡಿರಲಿಲ್ಲ. ನನ್ನ ಪುಸ್ತಕಕ್ಕೆ ಸಿಕ್ಕಿದ ಮೊದಲ ವಿಮರ್ಶೆ ಅದು, ಮತ್ತು ತಡವಾಗಿ ಸಿಕ್ಕಿದ್ದು.

ಎರಡನೇ ಪುಸ್ತಕಕ್ಕೆ ನಾನು ಕ್ರಮವನ್ನೇ ಬದಲಿಸಿದೆ. ಆ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಮಂಗಳೂರು, ಉಡುಪಿ ಕಡೆಯಲ್ಲಿ ಮಕ್ಕಳಿಗಾಗಿ ಬರೆಯುವವರು, ಅದರಲ್ಲೂ ಸ್ವಂತ ದುಡ್ಡು ಹಾಕಿ ಪ್ರಕಟಿಸುವವರು ನನ್ನ ಮನಸ್ಸಿನಲ್ಲಿದ್ದಾರೆ.

ಮೊದಲು: ಅಚ್ಚಿಗೆ ಹೋಗುವ ಮುನ್ನ ಮಕ್ಕಳ ಮುಂದೆ ಇಡಿ

ಈ ಒಂದು ಹಂತಕ್ಕೆ ಬೇರೆಲ್ಲದಕ್ಕಿಂತ ಹೆಚ್ಚು ಸಮಯ ಕೊಡಿ. ಪುಟ ವಿನ್ಯಾಸ ಮುಗಿದ ಕೂಡಲೇ ಜೆರಾಕ್ಸ್ ಅಂಗಡಿಯಲ್ಲಿ ಒಂದು ಬಣ್ಣದ ಪ್ರತಿ ತೆಗೆಸಿ, ನಡುವೆ ಪಿನ್ ಹೊಡೆಸಿ ಪುಸ್ತಕದ ಹಾಗೆಯೇ ಮಾಡಿಕೊಳ್ಳಿ. ಬಿಡಿ ಹಾಳೆ ಹಿಡಿದು ಓದಿದರೆ ಪುಟ ಮಗುಚುವ ಗಳಿಗೆಯಲ್ಲಿ ಏನಾಗುತ್ತದೆ ಎಂಬುದು ತಿಳಿಯುವುದಿಲ್ಲ. ಚಿತ್ರಪುಸ್ತಕದಲ್ಲಿ ಅರ್ಧ ಕತೆ ಇರುವುದೇ ಆ ಮಗುಚುವಿಕೆಯಲ್ಲಿ.

ಮಕ್ಕಳು ಆರೋ ಎಂಟೋ ಸಾಕು. ನಿಮ್ಮ ಮೊಮ್ಮಕ್ಕಳು, ನೆರೆಮನೆಯ ಮಕ್ಕಳು ಬೇಡ. ಅವರು ನಿಮ್ಮ ಮುಖ ನೋಡಿ ನಗುತ್ತಾರೆ. ಹತ್ತಿರದ ಶಾಲೆಯ ಹೆಡ್ ಮಾಷ್ಟ್ರಿಗೋ ಹೆಡ್ ಟೀಚರಿಗೋ ಒಂದು ಪತ್ರ ಬರೆದು ಅರ್ಧ ಗಂಟೆ ಕೇಳಿ. ಸರಕಾರಿ ಶಾಲೆಗಳಲ್ಲಿ ತಿಂಗಳ ಮೂರನೇ ಶನಿವಾರ ಬ್ಯಾಗ್ ಇಲ್ಲದ ‘ಸಂಭ್ರಮ ಶನಿವಾರ’ ಇರುವುದರಿಂದ ಅಂಥ ದಿನ ಅವರಿಗೂ ಅನುಕೂಲ. ಪರೀಕ್ಷೆಯ ಹೊತ್ತಿಗೆ ಹೋಗಬೇಡಿ. ಜೂನ್, ಜುಲೈಯಲ್ಲಿ ಮಳೆಗೆ ರಜೆ ಸಾರುವುದು ಹಿಂದಿನ ರಾತ್ರಿ. ಇನ್ನೊಂದು ದಿನವನ್ನೂ ಮೊದಲೇ ಗೊತ್ತು ಮಾಡಿಕೊಂಡಿರಿ. ಶಾಲೆ ಸಿಗದಿದ್ದರೆ ಗ್ರಾಮ ಪಂಚಾಯತಿನ ಗ್ರಂಥಾಲಯ ಉಂಟು, ಈಗ ಅದಕ್ಕೆ ‘ಅರಿವು ಕೇಂದ್ರ’ ಎಂದು ಹೆಸರು. ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಬರುವ ಮಕ್ಕಳು ಓದುವ ಮನಸ್ಸಿನಿಂದಲೇ ಬಂದಿರುತ್ತಾರೆ.

ಕೂಡಿಸುವ ಗುಂಪಿನಲ್ಲಿ ಮನೆಮಾತು ಬೇರೆ ಬೇರೆ ಇರಲಿ. ನಮ್ಮ ಜಿಲ್ಲೆಗಳಲ್ಲಿ ಕನ್ನಡ ಶಾಲೆಯ ಒಂದೇ ಬೆಂಚಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ ಮಾತಾಡುವ ಮಕ್ಕಳು ಕೂತಿರುತ್ತಾರೆ. ಎಷ್ಟೋ ಮಕ್ಕಳಿಗೆ ಪುಸ್ತಕದ ಕನ್ನಡ ಶಾಲೆಯಲ್ಲಿ ಕಲಿತ ಭಾಷೆ. ‘ಸೂರ್ಯಾಸ್ತದ ಸಂದರ್ಭದಲ್ಲಿ’ ಎಂದು ನಾನು ಬರೆದಿದ್ದ ಕಡೆ ಏಳು ಮಕ್ಕಳಲ್ಲಿ ಐವರು ಎಡವಿದರು. ‘ಸಂಜೆಯಾಗುವಾಗ’ ಎಂದು ತಿದ್ದಿದೆ, ಯಾರೂ ನಿಲ್ಲಲಿಲ್ಲ. ಒಂದನೇ, ಎರಡನೇ ತರಗತಿಯವರು ತಾವೇ ಓದಲೆಂದು ಬರೆದ ಪುಸ್ತಕವಾದರೆ ಒತ್ತಕ್ಷರಗಳನ್ನು ಪುಟ ಪುಟವಾಗಿ ಎಣಿಸಿ ನೋಡಿ. ಒಂದು ವಾಕ್ಯದಲ್ಲಿ ಮೂರು ಇದ್ದರೆ ಮಗು ಅಕ್ಷರದ ಹಿಂದೆ ಓಡುತ್ತದೆ, ಕತೆ ಕೈಬಿಟ್ಟುಹೋಗುತ್ತದೆ.

ಓದುವುದನ್ನು ಬೇರೆಯವರಿಗೆ ಒಪ್ಪಿಸಿ. ಇದು ನಾನು ತಡವಾಗಿ ಕಲಿತದ್ದು. ಬರೆದವರೇ ಓದಿದರೆ ದನಿಯ ಏರಿಳಿತದಲ್ಲಿ, ಕೈಸನ್ನೆಯಲ್ಲಿ ಕತೆಯ ಸಡಿಲ ಜಾಗಗಳೆಲ್ಲ ಮುಚ್ಚಿಹೋಗುತ್ತವೆ. ತರಗತಿಯ ಟೀಚರ್ ಮೊದಲ ಸಲ ನೋಡಿದ ಪುಸ್ತಕವನ್ನು ಹಾಗೆಯೇ ಓದಲಿ. ನೀವು ಹಿಂದೆ ಕೂತು ಮಕ್ಕಳನ್ನು ನೋಡಿ. ಯಾವ ಪುಟದಲ್ಲಿ ಕಣ್ಣು ಕಿಟಕಿಯ ಕಡೆಗೆ ಹೋಯಿತು? ಯಾವ ಪುಟದಲ್ಲಿ ಟೀಚರ್ ಓದಿ ಮುಗಿಸುವ ಮೊದಲೇ ಮಗುಚಲು ಕೈ ಚಾಚಿದರು? ಚಿತ್ರದಲ್ಲಿ ಏನನ್ನು ಹುಡುಕಿದರು? ನಡುವೆ ಎದ್ದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. ಕೊನೆಗೆ “ಚೆನ್ನಾಗಿದೆಯಾ?” ಎಂದು ಮಾತ್ರ ಕೇಳಬೇಡಿ. “ಹೌದು ಟೀಚರ್” ಎಂದು ಒಕ್ಕೊರಲಿನಲ್ಲಿ ಬರುತ್ತದೆ, ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ. ಮರುದಿನ ಒಂದು ಮಗುವಿನಿಂದ ಕತೆಯನ್ನು ತಿರುಗಿ ಹೇಳಿಸಿ ಬರೆದಿಡಲು ಟೀಚರಿಗೆ ವಿನಂತಿಸಿ. ಆ ಹೇಳಿಕೆಯಲ್ಲಿ ಬಿಟ್ಟುಹೋದ ಪಾತ್ರ ಬಹುಶಃ ಪುಸ್ತಕಕ್ಕೆ ಬೇಡವಾದ ಪಾತ್ರ.

ಈ ಟಿಪ್ಪಣಿಗಳನ್ನು ಜೋಪಾನವಾಗಿ ಇಡಿ, ಮುಂದೆ ಪತ್ರ ಬರೆಯುವಾಗ ಬೇಕಾಗುತ್ತವೆ. ಮಕ್ಕಳ ಫೋಟೊ, ಹೆಸರು ಎಲ್ಲಿಯೂ ಹಾಕಬೇಡಿ. ಹಾಕಲೇಬೇಕಿದ್ದರೆ ತಂದೆತಾಯಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಊರಿನ ಪದಗಳ ಬಗ್ಗೆ ಒಂದು ಮಾತು. ನಮ್ಮಲ್ಲಿ ಬೊಂಡ ಎಂದರೆ ಎಳನೀರು. ಬೆಂಗಳೂರಿನ ಮಗು ಅದನ್ನು ಓದಿದರೆ ಎಣ್ಣೆಯಲ್ಲಿ ಕರಿದದ್ದು ಕಣ್ಣಿಗೆ ಬರುತ್ತದೆ. ತೋಡು (ಸಣ್ಣ ಹಳ್ಳ), ಹಾಡಿ (ಸಣ್ಣ ಕಾಡು), ಕುದ್ರು, ಗೇರುಬೀಜ ಎಲ್ಲದಕ್ಕೂ ಹೀಗೆಯೇ. ಇವನ್ನು ತೆಗೆದುಹಾಕಿ ಎಂದು ನಾನು ಖಂಡಿತ ಹೇಳುವುದಿಲ್ಲ. ನಮ್ಮ ಮಕ್ಕಳಿಗೆ ತಮ್ಮ ಮನೆಯ ಮಾತು ಪುಸ್ತಕದಲ್ಲಿ ಸಿಗುವುದೇ ಅಪರೂಪ. ಆದರೆ ಚಿತ್ರ ಆ ಪದದ ಪಕ್ಕದಲ್ಲೇ ಇರಲಿ. ಕುದ್ರು ಎಂದು ಬರೆದ ಪುಟದಲ್ಲಿ ಹೊಳೆಯ ನಡುವಿನ ತೆಂಗಿನ ತೋಟ ಕಂಡರೆ ಮೈಸೂರಿನ ವಿಮರ್ಶಕರೂ ತಡವರಿಸುವುದಿಲ್ಲ.

ಪುಸ್ತಕದ ಒಳಗೇ ಇರಬೇಕಾದದ್ದು

ವಿಮರ್ಶಕರು ಬರಹದ ಕೊನೆಗೆ ಪುಸ್ತಕದ ವಿವರ ಹಾಕಬೇಕು. ಅದು ಹಕ್ಕುಪುಟದಲ್ಲಿ ಇಲ್ಲದಿದ್ದರೆ ಹುಡುಕುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ಲೇಖಕರು, ಚಿತ್ರಕಾರರು, ಪ್ರಕಾಶಕರು, ವಿಳಾಸ, ಮೊಬೈಲ್, ಪುಟಗಳು, ಬೆಲೆ, ಮುದ್ರಣದ ವರ್ಷ ಎಲ್ಲವೂ ಒಂದೇ ಕಡೆ ಇರಲಿ. ಎಷ್ಟು ವಯಸ್ಸಿನವರಿಗೆ, ಮಗು ತಾನೇ ಓದಲಿಕ್ಕೋ ದೊಡ್ಡವರು ಓದಿ ಹೇಳಲಿಕ್ಕೋ ಎಂಬುದನ್ನೂ ಬರೆಯಿರಿ. ಚಿತ್ರಕಾರರ ಹೆಸರು ಮುಖಪುಟದಲ್ಲೇ ಇರಬೇಕು. ನಾವೇ ಅವರನ್ನು ಹಿಂಬದಿಯ ಸಣ್ಣ ಅಕ್ಷರಕ್ಕೆ ತಳ್ಳಿದರೆ ಪತ್ರಿಕೆಯವರು ನೆನಪಿಡಲಿ ಎಂದು ಬಯಸುವುದು ಹೇಗೆ?

ಪ್ರತಿ ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯಿಂದ ಆನ್‌ಲೈನಿನಲ್ಲಿ ಪಡೆಯಬಹುದು, ಶುಲ್ಕ ಇಲ್ಲ. ಸ್ವಂತ ಪ್ರಕಟಣೆಯವರೂ ಅರ್ಜಿ ಹಾಕಬಹುದು. ದುಡ್ಡು ಕೇಳುವ ಮಧ್ಯವರ್ತಿಗಳ ಬಳಿಗೆ ಹೋಗಬೇಡಿ. ಇನ್ನೊಂದು ಲೆಕ್ಕ: 1954ರ ಕಾಯಿದೆಯ ಪ್ರಕಾರ ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸುವುದು ಪ್ರಕಾಶಕರ ಹೊಣೆ. ಈ ಪ್ರತಿಗಳನ್ನು ವಿಮರ್ಶೆಯ ಪ್ರತಿಗಳ ಜೊತೆ ಕಲಸದೆ ಬೇರೆ ಎತ್ತಿಡಿ. 500 ಪ್ರತಿ ಅಚ್ಚು ಹಾಕಿಸಿದರೆ ವಿಮರ್ಶೆಗೆಂದು 25 ಪ್ರತ್ಯೇಕವಾಗಿ ಇರಲಿ. ಅವು ಮಾರಾಟಕ್ಕೆ ಇಲ್ಲ ಎಂದು ಮೊದಲ ದಿನವೇ ತೀರ್ಮಾನಿಸಿದರೆ ಆಮೇಲೆ ಕೈ ಹಿಂಜರಿಯುವುದಿಲ್ಲ.

ಯಾರಿಗೆ ಕಳಿಸಬೇಕು

ನನ್ನ ಮೊದಲ ಪಟ್ಟಿಯಲ್ಲಿ ಇದ್ದದ್ದು ದೊಡ್ಡ ಹೆಸರುಗಳು. ಅವರಲ್ಲಿ ಎಷ್ಟು ಜನ ಈಚೆಗೆ ಒಂದು ಮಗುವಿಗೆ ಪುಸ್ತಕ ಓದಿ ಹೇಳಿದ್ದಾರೆ ಎಂದು ನಾನು ಯೋಚಿಸಿರಲೇ ಇಲ್ಲ. ಕಾದಂಬರಿಯನ್ನು ಆಳವಾಗಿ ಓದಬಲ್ಲವರು ಚಿತ್ರಪುಸ್ತಕದಲ್ಲಿ ಅಕ್ಷರವನ್ನು ಮಾತ್ರ ಓದಿ ‘ಸರಳ ಭಾಷೆ, ಉತ್ತಮ ನೀತಿ’ ಎಂದು ಮುಗಿಸಿಬಿಡುತ್ತಾರೆ. ಈಗ ನಾನು ಹುಡುಕುವುದು ಮಕ್ಕಳ ನಡುವೆ ಇರುವ ಓದುಗರನ್ನು: ನಲಿಕಲಿ ತರಗತಿ ತೆಗೆದುಕೊಳ್ಳುವ ಟೀಚರ್, ಮಕ್ಕಳ ನಾಟಕ ಮಾಡಿಸುವವರು, ಗ್ರಂಥಪಾಲಕರು, ಪತ್ರಿಕೆಗೆ ಬರೆದು ರೂಢಿ ಇರುವ ತಾಯಂದಿರು.

ಕರಾವಳಿಯಲ್ಲಿ ಮಕ್ಕಳ ಸಾಹಿತ್ಯ ಬೆಳೆದದ್ದೇ ಶಾಲೆಯ ಜಗಲಿಯಲ್ಲಿ. ಪಂಜೆ ಮಂಗೇಶರಾಯರು ಅಧ್ಯಾಪಕರಾಗಿದ್ದವರು, ಶಾಲೆಗಳ ತನಿಖೆಗೆ ಊರೂರು ಸುತ್ತಿದವರು. ಮಂಗಳೂರಿನಲ್ಲಿ 1921ರಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದವರೂ ಅವರೇ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಕುಣಿಸಿ, ಆಡಿಸಿ ಕಲಿಕೆಯನ್ನು ಒರೆಗೆ ಹಚ್ಚಿದವರು. ಇಬ್ಬರಿಗೂ ಕೇಳುವ ಮಕ್ಕಳು ಎದುರಿಗೇ ಇದ್ದರು. ವಿಮರ್ಶಕರಲ್ಲೂ ನಾನು ಹುಡುಕುವುದು ಅದನ್ನೇ.

ಪತ್ರಿಕೆಗಳ ವಿಷಯಕ್ಕೆ ಬಂದರೆ ನಮಗೆ ಹತ್ತಿರದಲ್ಲೇ ಅನುಕೂಲ ಉಂಟು. ಮಣಿಪಾಲದಿಂದ ಉದಯವಾಣಿ, ತರಂಗ, ತುಷಾರ, ಮಕ್ಕಳದೇ ಪತ್ರಿಕೆಯಾದ ತುಂತುರು ಹೊರಡುತ್ತವೆ, ಮಂಗಳೂರಿನಿಂದ ವಾರ್ತಾಭಾರತಿ. ಬೆಂಗಳೂರಿನ ಪ್ರಜಾವಾಣಿ, ಸುಧಾ, ಮಯೂರ ಎಲ್ಲರಿಗೂ ಗೊತ್ತಿದ್ದದ್ದೇ. ಆನ್‌ಲೈನಿನಲ್ಲಿ ಬುಕ್ ಬ್ರಹ್ಮ, ಅವಧಿ, ಕೆಂಡಸಂಪಿಗೆ ಇವೆ. ಕಳಿಸುವ ಮೊದಲು ಆ ಪತ್ರಿಕೆಯ ಈಚಿನ ನಾಲ್ಕು ಸಂಚಿಕೆ ತೆಗೆದು ನೋಡಿ. ಪುಸ್ತಕದ ಪುಟ ಇದೆಯೇ, ಅದರಲ್ಲಿ ಮಕ್ಕಳ ಪುಸ್ತಕ ಎಂದಾದರೂ ಬಂದಿದೆಯೇ, ಬರೆದವರು ಯಾರು? ಎಲ್ಲ ಪತ್ರಿಕೆಯನ್ನೂ ಕೊಳ್ಳಬೇಕಾಗಿಲ್ಲ, ಜಿಲ್ಲಾ ಗ್ರಂಥಾಲಯದ ಓದುವ ಮೇಜಿನ ಮೇಲೆ ಸಿಗುತ್ತವೆ. ಒಂದು ಮಧ್ಯಾಹ್ನದ ಕೆಲಸ.

ರೇಡಿಯೊವನ್ನು ನಮ್ಮವರು ಮರೆತುಬಿಡುತ್ತಾರೆ. ಕದ್ರಿ ಗುಡ್ಡದ ಮೇಲಿನ ಮಂಗಳೂರು ಆಕಾಶವಾಣಿ, ಸಂತ ಅಲೋಶಿಯಸ್‌ನ ರೇಡಿಯೊ ಸಾರಂಗ್, ಮಣಿಪಾಲದ ಸಮುದಾಯ ಬಾನುಲಿ, ಈ ಮೂರಕ್ಕೂ ಬರೆದು ಕೇಳಬಹುದು. ಮಕ್ಕಳ ಪುಸ್ತಕ ಗಟ್ಟಿಯಾಗಿ ಓದಲೆಂದೇ ಹುಟ್ಟಿದ್ದು. ಎರಡು ನಿಮಿಷದ ಓದು, ಆಮೇಲೆ ಒಬ್ಬ ಟೀಚರ್ ಜೊತೆ ನಾಲ್ಕು ಮಾತು ಪ್ರಸಾರವಾದರೆ ಪತ್ರಿಕೆ ತೆಗೆಯದ ಮನೆಗೂ ಪುಸ್ತಕ ತಲಪುತ್ತದೆ.

ಪತ್ರ

ಪತ್ರ ಒಂದು ಪುಟ ಮೀರಬಾರದು. ನಿಮ್ಮ ಪ್ರಶಸ್ತಿಗಳ ಪಟ್ಟಿ ಬೇಡ. ‘ತಾವು ಮೆಚ್ಚುವಿರೆಂಬ ಭರವಸೆ’ ಕೂಡ ಬೇಡ, ಅದು ಓದುವವರ ಮೇಲೆ ಹೊರೆ ಹೊರಿಸುತ್ತದೆ. ಎರಡನೇ ಪುಸ್ತಕಕ್ಕೆ ನಾನು ಬರೆದದ್ದು ಹೆಚ್ಚುಕಡಿಮೆ ಹೀಗೆ:

“ಮಾನ್ಯರೇ, ನಮಸ್ಕಾರ. ಈ ಪುಸ್ತಕ ಆರರಿಂದ ಎಂಟು ವರ್ಷದ ಮಕ್ಕಳಿಗೆ ದೊಡ್ಡವರು ಓದಿ ಹೇಳಲೆಂದು ಮಾಡಿದ್ದು. 24 ಪುಟ, ಬಣ್ಣದ ಚಿತ್ರಗಳಿವೆ. ಮಳೆಗಾಲದಲ್ಲಿ ತೋಡು ದಾಟಲಾಗದೆ ಶಾಲೆ ತಪ್ಪಿಸಿಕೊಂಡ ಇಬ್ಬರು ಗೆಳೆಯರ ಕತೆ. ಅಚ್ಚಿಗೆ ಮೊದಲು ಎರಡು ಶಾಲೆಗಳಲ್ಲಿ ಓದಿಸಿ ನೋಡಿದ್ದೇವೆ. ಮಕ್ಕಳು ಕೇಳಿದ ಐದು ಪ್ರಶ್ನೆಗಳನ್ನು ಇದರ ಹಿಂದೆ ಬರೆದಿದ್ದೇನೆ. ತಮಗೆ ಸಾಧ್ಯವಾದರೆ ಒಂದು ಮಗುವಿನ ಜೊತೆ ಕೂತು ಓದಿ, ಕತೆ ಮತ್ತು ಚಿತ್ರ ಎರಡರ ಬಗ್ಗೆಯೂ ತಮಗೆ ಅನಿಸಿದ್ದನ್ನು ಬರೆಯಬೇಕೆಂದು ವಿನಂತಿ. ಕೊರತೆ ಕಂಡರೆ ದಯವಿಟ್ಟು ಅದನ್ನೂ ಬರೆಯಿರಿ. ಮುಖಪುಟದ ಚಿತ್ರ ಬೇಕಿದ್ದರೆ ಕಳಿಸಿಕೊಡುತ್ತೇನೆ.”

ಹಿಂದಿನ ಪುಟದ ಆ ಐದು ಪ್ರಶ್ನೆಗಳು ನಾನು ಎಣಿಸದಷ್ಟು ಕೆಲಸ ಮಾಡಿದವು. ‘ತೋಡು ತುಂಬಿದಾಗ ಏಡಿ ಎಲ್ಲಿಗೆ ಹೋಗುವುದು?’ ಎಂದು ಒಂದು ಮಗು ಕೇಳಿತ್ತು. ಒಬ್ಬ ವಿಮರ್ಶಕರು ಆ ಪ್ರಶ್ನೆಯಿಂದಲೇ ಬರಹ ಶುರು ಮಾಡಿ, ಕತೆಯಲ್ಲಿ ಏಡಿ ಹತ್ತನೇ ಪುಟದ ನಂತರ ಕಾಣೆಯಾದದ್ದನ್ನು ಎತ್ತಿ ತೋರಿಸಿದರು. ಸರಿಯಾದ ಮಾತು.

ಪತ್ರಿಕೆಗಳಿಗೆ ಎರಡು ಪ್ರತಿ ಕಳಿಸುವುದು ಮೊದಲಿಂದ ಬಂದ ರೂಢಿ: ಒಂದು ಕಚೇರಿಗೆ, ಒಂದು ಬರೆಯುವವರಿಗೆ. ಒಂದೇ ಕಳಿಸಿದರೆ ಅದು ಮೇಜಿನಲ್ಲೇ ಉಳಿಯುವ ಸಂಭವ ಹೆಚ್ಚು. ಪಿಡಿಎಫ್ ಕಳಿಸಬೇಕೇ ಎಂದು ಹಲವರು ಕೇಳುತ್ತಾರೆ. ಕೇಳಿದವರಿಗೆ ಕೊಡಿ, ಆದರೆ ಮಗುವಿಗೆ ಓದಿ ಹೇಳಲು ಕಾಗದದ ಪುಸ್ತಕವೇ ಬೇಕು.

ಅಂಚೆಯ ಖರ್ಚನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. 2025ರ ಮೇ ತಿಂಗಳಿಂದ ಅಂಚೆ ಇಲಾಖೆ ‘ಜ್ಞಾನ ಪೋಸ್ಟ್’ ಎಂಬ ಸೇವೆ ತಂದಿತು. ಆಗ ಗೊತ್ತು ಮಾಡಿದ ದರ 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಕಟ್ಟು ಎಲ್ಲಿಗೆ ತಲಪಿತೆಂದು ನೋಡಲು ಸಂಖ್ಯೆಯೂ ಸಿಗುತ್ತದೆ. ಶಾಲೆ, ಗ್ರಂಥಾಲಯಗಳಿಗೆ ಹೆಚ್ಚು ಪ್ರತಿ ಕಳಿಸುವಾಗ ನಿಮ್ಮ ಪುಸ್ತಕಕ್ಕೆ ಈ ದರ ಅನ್ವಯಿಸುತ್ತದೆಯೇ ಎಂದು ಕೌಂಟರಿನಲ್ಲಿ ವಿಚಾರಿಸಿ. ಒಳಗೆ ಪತ್ರ ಇಡುವ ವಿಮರ್ಶೆಯ ಪ್ರತಿಗಳನ್ನು ನಾನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತೇನೆ. ಮಳೆಗಾಲವಾದರೆ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಆಮೇಲೆ ಕಾಗದ ಸುತ್ತಿ. ಒದ್ದೆಯಾಗಿ ಅಂಟಿಕೊಂಡ ಆರ್ಟ್ ಪೇಪರಿನ ಪುಟಗಳನ್ನು ಬಿಡಿಸಿದರೆ ಚಿತ್ರದ ಬಣ್ಣವೇ ಕಿತ್ತುಬರುತ್ತದೆ.

ಕಾಯುವ ದಿನಗಳು

ಒಂದು ನೋಟ್‌ಬುಕ್ಕಿನಲ್ಲಿ ಯಾರಿಗೆ, ಯಾವ ದಿನ, ಎಷ್ಟು ಪ್ರತಿ ಎಂದು ಬರೆದಿಡಿ. ತಲಪಿದೆಯೇ ಎಂದು ಕೇಳಲು ಎರಡು ವಾರದ ನಂತರ ಒಂದು ಸಲ ಮೆಸೇಜ್ ಮಾಡಬಹುದು. ಆಮೇಲೆ ಎರಡು ತಿಂಗಳು ಬಿಟ್ಟುಬಿಡಿ. ಮತ್ತೊಂದು ಸಲ ವಿನಯದಿಂದ ವಿಚಾರಿಸಿ, ಅಲ್ಲಿಗೆ ನಿಲ್ಲಿಸಿ. ಸಂಪಾದಕರ ಮೇಜಿಗೆ ವಾರಕ್ಕೆ ರಾಶಿ ಪುಸ್ತಕ ಬರುತ್ತದೆ, ಜಾಗ ಇರುವುದು ಒಂದೆರಡಕ್ಕೆ. ನವೆಂಬರ್ 14ರ ಮಕ್ಕಳ ದಿನಾಚರಣೆಯ ಹೊತ್ತಿಗೆ ಮಕ್ಕಳ ಪುಸ್ತಕಗಳಿಗೆ ಕೊಂಚ ಹೆಚ್ಚು ಜಾಗ ಸಿಗುವುದುಂಟು. ಸೆಪ್ಟೆಂಬರಿನಲ್ಲೇ ಪುಸ್ತಕ ಅವರ ಕೈಯಲ್ಲಿದ್ದರೆ ಒಳ್ಳೆಯದು.

ದುಡ್ಡು ಕೊಟ್ಟರೆ ವಿಮರ್ಶೆ ಬರೆಯುತ್ತೇವೆ ಎನ್ನುವವರ ಫೋನ್ ಬರಬಹುದು. ನನಗೂ ಬಂದಿತ್ತು, ಮೂರು ಸಾವಿರಕ್ಕೆ. ಬೇಡ ಎಂದೆ. ಆ ದುಡ್ಡಿನಲ್ಲಿ ನಲವತ್ತು ಪುಸ್ತಕ ಅರಿವು ಕೇಂದ್ರಗಳಿಗೆ ಹೋದವು. ನೆಂಟರು, ಗೆಳೆಯರು ಬರೆಯುವ ಹೊಗಳಿಕೆಯನ್ನೂ ವಿಮರ್ಶೆ ಎಂದು ಅಚ್ಚು ಹಾಕಿಸಬೇಡಿ. ಅದನ್ನು ನಂಬಿ ಪುಸ್ತಕ ಕೊಂಡ ತಾಯಿಗೆ ಮಗು ಎರಡನೇ ಪುಟದಲ್ಲೇ ಎದ್ದುಹೋದಾಗ ಆಗುವ ಬೇಸರ ನಮ್ಮೆಲ್ಲರ ಪುಸ್ತಕಗಳ ಮೇಲೂ ಬೀಳುತ್ತದೆ.

ಪತ್ರಿಕೆಗಳು ಮೌನವಾಗಿದ್ದರೂ ನಿಮ್ಮ ಕೈಯಲ್ಲಿ ಒಂದು ದಾರಿ ಉಳಿದಿದೆ. ಪುಸ್ತಕ ಓದಿಸಿದ ಶಾಲೆಯ ಟೀಚರಿನಿಂದಲೇ ಮುನ್ನೂರು ಪದಗಳ ಬರಹ ಬರೆಸಿ: ತರಗತಿಯಲ್ಲಿ ಹೇಗೆ ಓದಿದೆ, ಎಲ್ಲಿ ನಕ್ಕರು, ಎಲ್ಲಿ ಬೇಸರಪಟ್ಟರು, ಚಿತ್ರ ಹೇಗೆ ನೆರವಾಯಿತು. ಬರೆದು ರೂಢಿ ಇಲ್ಲ ಎಂದು ಅವರು ಹಿಂಜರಿಯುತ್ತಾರೆ. ತರಗತಿಯಲ್ಲಿ ಆದದ್ದನ್ನು ಆದ ಹಾಗೆಯೇ ಬರೆಯಿರಿ ಎಂದು ಧೈರ್ಯ ಹೇಳಿ. ಅವರ ಬರಹವನ್ನು ನೀವು ತಿದ್ದಬೇಡಿ, ನೇರವಾಗಿ ಅವರ ಹೆಸರಿನಲ್ಲೇ ಪತ್ರಿಕೆಗೆ ಹೋಗಲಿ. ನನ್ನ ಎರಡನೇ ಪುಸ್ತಕದ ಬಗ್ಗೆ ಬಂದ ಬರಹಗಳಲ್ಲಿ ಅತಿ ಹೆಚ್ಚು ಜನ ಕೇಳಿಕೊಂಡು ಬಂದದ್ದು ಅಂಥ ಒಬ್ಬ ಟೀಚರ್ ಬರೆದದ್ದನ್ನು ಓದಿಯೇ.

ವಿಮರ್ಶೆ ಬಂದ ಮೇಲೆ

ಮೊದಲ ದಿನ ಉತ್ತರ ಬರೆಯಬೇಡಿ. ಹೊಗಳಿಕೆಯಾದರೂ ತೆಗಳಿಕೆಯಾದರೂ ಎರಡು ದಿನ ಬಿಟ್ಟು ಇನ್ನೊಮ್ಮೆ ಓದಿ. ತಪ್ಪು ಮಾಹಿತಿ ಇದ್ದರೆ, ಉದಾಹರಣೆಗೆ ಚಿತ್ರಕಾರರ ಹೆಸರು ಬಿಟ್ಟಿದ್ದರೆ ಅಥವಾ ಬೆಲೆ ತಪ್ಪಾಗಿದ್ದರೆ, ಸಂಪಾದಕರಿಗೆ ಎರಡು ಸಾಲು ಬರೆದು ತಿದ್ದುಪಡಿ ಕೇಳಬಹುದು, ಕೇಳಲೇಬೇಕು. ಅಭಿಪ್ರಾಯದ ಮೇಲೆ ಮಾತ್ರ ಜಗಳ ಬೇಡ. ಬರಹದ ಒಂದೆರಡು ವಾಕ್ಯವನ್ನು ಮುಂದಿನ ಮುದ್ರಣದ ಹಿಂಬದಿಯಲ್ಲಿ ಬಳಸುವುದಾದರೆ ಬರೆದವರನ್ನು ಕೇಳಿ ಬಳಸಿ, ‘ಆದರೆ’ ಎಂಬ ಪದದ ಮೊದಲಿನ ಅರ್ಧವನ್ನಷ್ಟೇ ಕತ್ತರಿಸಿ ಹಾಕಬೇಡಿ.

ಕಟುವಾದ ಮಾತನ್ನು ಪರೀಕ್ಷಿಸಲು ನನ್ನ ಬಳಿ ಒಂದೇ ದಾರಿ: ಮಕ್ಕಳ ಮುಂದೆ ಇನ್ನೊಮ್ಮೆ ಓದಿಸುವುದು. ‘ಕೊನೆಯ ಪುಟದ ಬುದ್ಧಿವಾದ ಬೇಡವಾಗಿತ್ತು’ ಎಂದು ಒಬ್ಬರು ಬರೆದಿದ್ದರು. ನನಗೆ ನೋವಾಯಿತು, ಆ ಪುಟವನ್ನು ಬಹಳ ಇಷ್ಟಪಟ್ಟು ಬರೆದಿದ್ದೆ. ಒಂದು ಅರಿವು ಕೇಂದ್ರದಲ್ಲಿ ಆ ಪುಟವನ್ನು ಕಾಗದದಿಂದ ಮುಚ್ಚಿ ಓದಿಸಿದೆ. ಕತೆ ಮುಗಿಯಿತು ಎಂದು ಯಾರೂ ಹೇಳದಿದ್ದರೂ ಮಕ್ಕಳು ತಾವೇ ಪುಸ್ತಕ ಮುಚ್ಚಿ, “ಇನ್ನೊಂದು ಸಲ” ಎಂದರು. ಪುಟ ಮುಚ್ಚದೆ ಓದಿದ ಇನ್ನೊಂದು ಗುಂಪು ಕೊನೆಯ ಪುಟ ಬರುವ ಮೊದಲೇ ಎದ್ದು ನೀರು ಕುಡಿಯಲು ಹೋಯಿತು.

ಈಗ ನನ್ನ ಸ್ವಂತ ಪ್ರತಿಯ ಪುಟಗಳ ಬದಿಯಲ್ಲಿ ಪೆನ್ಸಿಲಿನ ಗುರುತುಗಳಿವೆ, ಪ್ರತಿಯೊಂದರ ಪಕ್ಕ ಅದನ್ನು ಹೇಳಿದ ಮಗುವಿನ ತರಗತಿ ಅಥವಾ ವಿಮರ್ಶಕರ ಹೆಸರು. ಮರುಮುದ್ರಣಕ್ಕೆ ಹೋಗುವಾಗ ಮುದ್ರಕರ ಕೈಗೆ ಕೊಡುವುದು ಆ ಪ್ರತಿಯನ್ನೇ. ಹೊಸ ಪ್ರತಿ ಬಂದ ಕೂಡಲೇ ಆ ವಿಮರ್ಶಕರಿಗೂ ಆ ಶಾಲೆಗಳಿಗೂ ಒಂದೊಂದು ಕಳಿಸುತ್ತೇನೆ, ಯಾವ ಪುಟದಲ್ಲಿ ಏನು ತಿದ್ದಿದೆ ಎಂಬ ಚೀಟಿಯ ಸಮೇತ. ಬ್ರಹ್ಮಾವರದ ಕಡೆಯ ಆ ಶಾಲೆಗೆ ಕಳೆದ ಜನವರಿಯಲ್ಲಿ ಮೊದಲ ಪುಸ್ತಕದ ಎರಡನೇ ಮುದ್ರಣ ಹೋಯಿತು. ಹುಡುಗಿ ಆಗ ಐದನೇ ತರಗತಿಯಲ್ಲಿದ್ದಳು. ಏಳನೇ ಪುಟ ತೆರೆದು, ಅಜ್ಜನ ಕೈಯಲ್ಲಿದ್ದ ಬಿದಿರ ಗಳವನ್ನು ತುದಿಯಿಂದ ಬುಡದವರೆಗೆ ಬೆರಳಿನಿಂದ ಅಳೆದು, “ಸ್ವಲ್ಪ ಗಿಡ್ಡ ಆಯಿತು” ಎಂದಳಂತೆ. ಅದನ್ನೂ ಬರೆದುಕೊಂಡಿದ್ದೇನೆ.